ಡಬ್ಬಿಯೊಳಗಿನ ಗಾಳಿ ಶುದ್ಧವಾಗಿತ್ತು

ಮಾನ್ಯರೇ,

ಕೆಲಸದ ಜಾಗಗಳ ಗಾಳಿಯನ್ನು ಅಳೆದು, ಅಲ್ಲಿ ದುಡಿಯುವವರ ಆರೋಗ್ಯಕ್ಕೆ ಧಕ್ಕೆಯಿಲ್ಲವೆಂದು ಮೊಹರು ಒತ್ತಿಕೊಡುವ ಕಚೇರಿಯ ಮುಖ್ಯಸ್ಥರು ತಾವು. ತಾವು ಹಾಗೆ ಮೊಹರು ಒತ್ತಿಕೊಟ್ಟ ಒಂದು ಪೆಟ್ರೋಲ್ ಬಂಕಿನ ಪಾಳಿ ಮೇಲ್ವಿಚಾರಕಿ ನಾನು. ಪೀಠಿಕೆ ಹಾಕಲು ಪುರುಸೊತ್ತಿಲ್ಲ. ನಮ್ಮ ಬಂಕಿನ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದ ನಿಮ್ಮ ಪ್ರಮಾಣಪತ್ರ ಸುಳ್ಳು. ಸುಳ್ಳೆಂದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಅದನ್ನು ಸುಳ್ಳು ಮಾಡಿದವಳು ನಾನೇ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಗಂಡ ಆ ಕಾಗದದ ಬಲದ ಮೇಲೆ ಮತ್ತೆ ಟ್ಯಾಂಕರ್ ಹತ್ತಲಿದ್ದಾರೆ. ಐದು ವಾರದ ಹಿಂದೆ ಅದೇ ಟ್ಯಾಂಕರಿನ ಏಣಿಯಿಂದ ಅವರು ಎದೆ ಹಿಡಿದುಕೊಂಡು ಕೆಳಗೆ ಬಂದಿದ್ದರು. ನನಗೆ ಹೆದರಿಕೆಯಾಗಿದೆ. ಇಷ್ಟು ಬೋಳಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಇದೇ ಮಾತನ್ನು ವಿನಯಪೂರ್ವಕವಾಗಿ ಎರಡು ಸಲ ಬರೆದು ನೋಡಿಯಾಯಿತು. ಅದಕ್ಕೇ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಆ ಎರಡೂ ಪತ್ರಗಳಿಗೆ ಸೇರಿಸಿ ತಮ್ಮ ಕಚೇರಿಯಿಂದ ಒಂದು ಉತ್ತರ ಬಂದಿದೆ. ಪೂರ್ತಿ ಓದಲು ಅರ್ಧ ನಿಮಿಷ ಸಾಕು. 'ಸದರಿ ಸ್ಥಳದ ಮಾಪನ ವರದಿಯು ತೃಪ್ತಿಕರವಾಗಿರುತ್ತದೆ. ಮುಂದಿನ ಮಾಪನವು ನಿಗದಿತ ಅವಧಿಯಂತೆ ನಡೆಯಲಿದೆ. ಕಾರ್ಮಿಕರು ಅನಗತ್ಯವಾಗಿ ಭಯಪಡಬೇಕಾಗಿಲ್ಲ.' ಈ 'ಅನಗತ್ಯವಾಗಿ' ಎಂಬ ಪದವನ್ನು ಸೇರಿಸಿದ ಪುಣ್ಯಾತ್ಮರು ಯಾರೋ ತಿಳಿಯದು. ಹಾಗಾದರೆ ಅಗತ್ಯವಾಗಿ ಭಯಪಡುವುದಕ್ಕೆ ಯಾರ ಅಪ್ಪಣೆ ಬೇಕು? ಅದಕ್ಕೂ ಒಂದು ಅರ್ಜಿ ನಮೂನೆ ಇದೆಯೇ? ಇದ್ದರೆ ದಯವಿಟ್ಟು ಎಂಟು ಪ್ರತಿ ಕಳುಹಿಸಿ, ನಮ್ಮ ಬಂಕಿನಲ್ಲಿ ಎಂಟು ಜನ ಇದ್ದೇವೆ.

ತಾವು ಪೆಟ್ರೋಲ್ ಬಂಕಿಗೆ ಬಂದಿರುತ್ತೀರಿ. ಕಾರಿನ ಗಾಜು ನಾಲ್ಕು ಬೆರಳು ಇಳಿಸಿ, ಹಾಕಿಸಿಕೊಂಡು, ಗಾಜು ಏರಿಸಿ ಹೋಗಿರುತ್ತೀರಿ. ಆ ನಾಲ್ಕು ಬೆರಳಿನ ಸಂದಿಯಲ್ಲಿ ಒಳಗೆ ಬರುವ ವಾಸನೆಯೇ ಕೆಲವರಿಗೆ ಇಷ್ಟವಂತೆ. ಟ್ಯಾಂಕರ್ ಬಂದಾಗಿನ ಸಂಗತಿ ಬೇರೆ. ಆಗ ನಮ್ಮಲ್ಲಿ ಒಬ್ಬರು ಏಣಿ ಹತ್ತಿ ಟ್ಯಾಂಕರಿನ ನೆತ್ತಿಯ ಮೇಲೆ ಹೋಗಬೇಕು. ಮುಚ್ಚಳ ತೆಗೆಯಬೇಕು. ತೆಗೆದ ಕೂಡಲೇ ಒಳಗಿನಿಂದ ಆವಿ ಏಳುತ್ತದೆ. ಹೊಗೆಯ ಹಾಗೆ ಕಾಣುವುದಿಲ್ಲ, ಆದರೆ ಅದರಾಚೆ ನೋಡಿದರೆ ಎದುರು ಕಟ್ಟಡದ ಕಿಟಕಿಗಳೆಲ್ಲ ನಡುಗುತ್ತಿರುತ್ತವೆ. ಆ ಬಾಯಿಗೆ ಬಗ್ಗಿ ಅಳತೆಯ ಕಡ್ಡಿಯನ್ನು ತಳ ಮುಟ್ಟುವ ತನಕ ಇಳಿಸಿ, ಮೇಲೆತ್ತಿ, ಎಲ್ಲಿಯ ತನಕ ಒದ್ದೆಯಾಗಿದೆ ಎಂದು ಓದಬೇಕು. ಪೆಟ್ರೋಲಿನ ಗುರುತು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುತ್ತದೆ. ಆದ್ದರಿಂದ ಓದುವವನು ದೂರ ನಿಲ್ಲುವ ಹಾಗಿಲ್ಲ, ಮುಖವನ್ನು ಕಡ್ಡಿಯ ಹತ್ತಿರ, ಬಾಯಿಯ ಹತ್ತಿರ ತರಲೇಬೇಕು. ಆಮೇಲೆ ನೆಲದಡಿಯ ನಮ್ಮ ಟ್ಯಾಂಕಿನ ಮುಚ್ಚಳ, ಅಲ್ಲಿಯೂ ಮಂಡಿಯೂರಿ ಇದೇ ಪೂಜೆ. ಆಮೇಲೆ ಪೈಪು ಜೋಡಿಸಿ ಇಳಿಸುವುದು. ಈ ಕೆಲಸವನ್ನು ನಮ್ಮ ಬಂಕಿನಲ್ಲಿ ಹದಿನಾರು ವರ್ಷದಿಂದ ಮಾಡುತ್ತಿರುವವರು ನಮ್ಮ ಮನೆಯವರು.

ಅವರನ್ನು ಎಲ್ಲರೂ ಕರೆಯುವುದು ಮೂಗಣ್ಣ ಎಂದು. ಮೂಗು ಉದ್ದ ಎಂದಲ್ಲ. ನಿಜ ಹೇಳಬೇಕೆಂದರೆ ಅದು ಸ್ವಲ್ಪ ಮೊಂಡೇ. ಗಾಜಿನ ಜಾಡಿಗೆ ತುಸು ಮಾದರಿ ಹಿಡಿದು ಮೂಗಿನ ಹತ್ತಿರ ಒಯ್ದು, 'ಇದ್ರಲ್ಲಿ ಸೀಮೆಎಣ್ಣೆ ಸೇರಿದೆ, ವಾಪಸ್ ತಗೊಂಡ್ ಹೋಗು' ಎಂದು ಅವರು ಟ್ಯಾಂಕರ್ ಚಾಲಕನಿಗೆ ಹೇಳಿದರೆ ಮುಗಿಯಿತು. ಸಾಂದ್ರತೆ ನೋಡುವ ಗಾಜಿನ ಕಡ್ಡಿ ಆಮೇಲೆ ಅದನ್ನೇ ಒಪ್ಪಿಕೊಳ್ಳುತ್ತಿತ್ತು. ಪುಸ್ತಕದಲ್ಲಿ ಬರೆಯುವುದು ಕಡ್ಡಿಯ ಲೆಕ್ಕವಾದರೂ, ಮಾಲೀಕರು ಕಾಯುತ್ತಿದ್ದದ್ದು ಇವರ ಮೂಗಿನ ತೀರ್ಪಿಗೆ. ಮೂಗಣ್ಣ ತಲೆಯಾಡಿಸದೆ ನಮ್ಮ ಬಂಕಿನಲ್ಲಿ ಒಂದು ತೊಟ್ಟೂ ಇಳಿಯುತ್ತಿರಲಿಲ್ಲ. ಅವರು ತಲೆಯಾಡಿಸಿದ ಮೇಲೆ ನಾನು ಚೀಟಿಗೆ ಸಹಿ ಹಾಕುವುದು, ಆಮೇಲೆ ಇಳಿಸುವುದು. ಗಂಡ ತಲೆಯಾಡಿಸುವುದು, ಹೆಂಡತಿ ಸಹಿ ಹಾಕುವುದು. 'ನಮ್ ಮನೇಲಿ ಉಲ್ಟಾ ಕಣಮ್ಮ' ಎಂದು ಒಬ್ಬ ಚಾಲಕ ಯಾವಾಗಲೂ ನಗುತ್ತಿದ್ದ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಒಂದು ವರ್ಷ ನಾಲ್ಕು ತಿಂಗಳ ಹಿಂದೆ ತಮ್ಮ ಕಚೇರಿಯ ನೌಕರರೊಬ್ಬರು ಬೆಳಿಗ್ಗೆ ಒಂಬತ್ತಕ್ಕೆ ನಮ್ಮಲ್ಲಿಗೆ ಬಂದರು. ಎಂಟು ಬಿಲ್ಲೆಗಳನ್ನು ಕೊಟ್ಟರು. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡವು, ಹಿಂದೆ ಕ್ಲಿಪ್ಪು, ಒಂದೊಂದೂ ಒಂದೊಂದು ಪೊಟ್ಟಣದಲ್ಲಿ. ಒಬ್ಬೊಬ್ಬರ ಕಾಲರಿಗೆ ಒಂದೊಂದು ಹಾಕಿ, ಸಂಜೆ ಐದಕ್ಕೆ ಪೊಟ್ಟಣದಲ್ಲಿ ಹಾಕಿ ಮುಚ್ಚಿಡಿ, ಬಂದು ಒಯ್ಯುತ್ತೇನೆ ಎಂದರು.

'ಇದೇನ್ ಮಾಡತ್ತೆ ಸಾರ್?' ಎಂದು ಕೇಳಿದೆ.

'ಅದೇನ್ ಮಾಡತ್ತೆ ಅನ್ನೋದು ಬಿಡಿ. ಒಂದ್ ಕಳ್ದ್ರೂ ನಾನು ಉತ್ತರ ಕೊಡ್ಬೇಕು. ಜೋಪಾನ' ಎಂದರು. ಮಾಲೀಕರ ತಣ್ಣನೆಯ ಕೋಣೆಯಲ್ಲಿ ಚಹಾ ಕುಡಿದರು. ಹೋದರು.

ಜೋಪಾನ! ಮಾನ್ಯರೇ, ಆ ಒಂದೇ ಪದವನ್ನು ನಾನು ಶ್ರದ್ಧೆಯಿಂದ ಪಾಲಿಸಿದೆ. ನಮ್ಮ ಬಂಕಿನಲ್ಲಿ ಒಂದು ನಿಯಮವಿದೆ, ಬರೆದು ಅಂಟಿಸಿದವಳೂ ನಾನೇ: ಟ್ಯಾಂಕಿನ ಬಾಯಿಗೆ ಬಗ್ಗುವವರ ಎದೆಯ ಮೇಲೆ ಏನೂ ತೂಗಬಾರದು. ಪೆನ್ನು, ಮೊಬೈಲು, ಕನ್ನಡಕ, ಏನೂ. ಹಿಂದೊಮ್ಮೆ ಒಬ್ಬರ ಕನ್ನಡಕ ಟ್ಯಾಂಕಿನೊಳಗೆ ಬಿದ್ದು ನಾವು ಪಟ್ಟ ಪಾಡು ನಮಗೇ ಗೊತ್ತು. ಬಿಲ್ಲೆ ಹಾಕಿ ಹತ್ತು ನಿಮಿಷವಾಗಿರಲಿಲ್ಲ, ಗಾಡಿ ಒರೆಸಲು ಬಗ್ಗಿದವನ ಕಾಲರಿನಿಂದ ಒಂದು ಕಳಚಿ ಚರಂಡಿಯ ಜಾಲರಿಯ ಅಂಚಿಗೆ ಹೋಗಿ ನಿಂತಿತು. ಎಂಟನ್ನೂ ಕೂಡಲೇ ಕಳಚಿಸಿದೆ. ಎಲ್ಲಿಡುವುದು? ಮೇಜಿನ ಮೇಲಿಟ್ಟರೆ ಪೆಟ್ರೋಲಿನ ಆವಿ ತಾಗಿ ಹಾಳಾದೀತು ಎನ್ನಿಸಿತು. ಹೌದು, ಸರಿಯಾಗಿಯೇ ಓದಿದಿರಿ. ಆವಿಯನ್ನು ಅಳೆಯಲು ಬಂದ ಬಿಲ್ಲೆಗೆ ಆವಿ ತಾಗಬಾರದೆಂದು ನಾನು ನನ್ನ ಊಟದ ಸ್ಟೀಲ್ ಡಬ್ಬಿಯನ್ನು ತೊಳೆದು, ಒರೆಸಿ, ಎಂಟೂ ಬಿಲ್ಲೆಗಳನ್ನು ಅದರಲ್ಲಿಟ್ಟು, ಮುಚ್ಚಳ ಬಿಗಿಯಾಗಿ ಹಾಕಿ ಡ್ರಾಯರಿನಲ್ಲಿಟ್ಟೆ. ಅದು ಸೋರದ ಡಬ್ಬಿ. ಹನ್ನೆರಡು ವರ್ಷದಲ್ಲಿ ಒಂದು ಹನಿ ಸಾರು ಚೀಲಕ್ಕೆ ಇಳಿದಿದ್ದಿಲ್ಲ. ಸಂಜೆ ತೆಗೆದು ಪೊಟ್ಟಣಕ್ಕೆ ಹಾಕಿ ಒಬ್ಬೊಬ್ಬರ ಹೆಸರು ಬರೆದೆ. 'ಪಾಳಿಯುದ್ದಕ್ಕೂ ಧರಿಸಲಾಗಿತ್ತು' ಎಂಬ ಸಾಲಿನ ಕೆಳಗೆ ನನ್ನ ಸಹಿ ಬೇಕಿತ್ತು. ನಮ್ಮ ನೌಕರರು ಸಮವಸ್ತ್ರ ಧರಿಸಿದ್ದರೇ ಎಂದು ಕೇಳುತ್ತಿದ್ದಾರೇನೋ ಎಂದುಕೊಂಡು ಸಹಿ ಹಾಕಿದೆ. ಅತಿ ಬುದ್ಧಿವಂತಿಕೆಯೋ, ದಡ್ಡತನವೋ, ನೀವೇ ಹೆಸರಿಡಿ.

ನನ್ನ ತಪ್ಪನ್ನು ಒಪ್ಪಿಕೊಂಡಿದ್ದೇನೆ. ಈಗ ತಮ್ಮದನ್ನು ನೋಡೋಣ. ಎಂಟು ಬಿಲ್ಲೆ ತಮ್ಮ ಪ್ರಯೋಗಾಲಯಕ್ಕೆ ಹೋದವು. ಒಂದು ಟ್ಯಾಂಕರಿನ ನೆತ್ತಿಯ ಮೇಲೆ ಬಗ್ಗುವವನದು, ಆರು ಪೈಪು ಹಿಡಿದು ಗಾಡಿಗಳ ಪಕ್ಕ ನಿಲ್ಲುವವರದು, ಒಂದು ಗಾಜಿನ ಕಿಟಕಿಯ ಹಿಂದೆ ಕೂರುವ ನನ್ನದು. ಎಂಟರಲ್ಲೂ ಒಂದೇ ಫಲಿತಾಂಶ: 'ಪತ್ತೆಯಾಗುವ ಮಟ್ಟಕ್ಕಿಂತ ಕಡಿಮೆ.' ಪೆಟ್ರೋಲ್ ಬಂಕಿನಲ್ಲಿ ದಿನವಿಡೀ ಇದ್ದ ಎಂಟು ಬಿಲ್ಲೆಗಳಲ್ಲಿ ಪೆಟ್ರೋಲೇ ಪತ್ತೆಯಾಗಲಿಲ್ಲ! ಮೀನು ಮಾರುವವರ ಬುಟ್ಟಿಯಲ್ಲಿ ಮೀನಿನ ವಾಸನೆಯೇ ಇಲ್ಲವೆಂದು ಯಾರಾದರೂ ಬರೆದುಕೊಟ್ಟರೆ ಮೊದಲು ಬುಟ್ಟಿ ನೋಡಬೇಕೋ, ಬರೆದವರ ಮೂಗು ನೋಡಬೇಕೋ? ತಮ್ಮ ಕಚೇರಿಯಲ್ಲಿ ಅದನ್ನು ಎಷ್ಟು ಜನ ಓದಿರಬಹುದು? ಮೂರು ಮೊಹರುಗಳಿವೆ. ಮೂವರಲ್ಲಿ ಒಬ್ಬರಿಗಾದರೂ 'ಇದೇನಪ್ಪಾ ಹೀಗೆ' ಎನ್ನಿಸಲಿಲ್ಲವೇ? ಒಂದು ಫೋನ್ ಮಾಡಿ, 'ಏನಮ್ಮ, ಬಿಲ್ಲೆ ಎಲ್ಲಿಟ್ಟಿದ್ದೆ?' ಎಂದು ಕೇಳಿದ್ದರೆ ನಾನು ಹೆಮ್ಮೆಯಿಂದ ಡಬ್ಬಿಯ ಕತೆ ಹೇಳಿಬಿಡುತ್ತಿದ್ದೆ. ಅಂದು ನಾನು ಅಷ್ಟು ಅಮಾಯಕಳಾಗಿದ್ದೆ. ತಾವು ಏನಾಗಿದ್ದಿರಿ?

ಐದು ವಾರದ ಹಿಂದಿನ ಆ ಬೆಳಿಗ್ಗೆಯನ್ನು ಬರೆಯುವುದು ನನಗೆ ಕಷ್ಟ. ಆದರೂ ಬರೆಯುತ್ತೇನೆ, ಏಕೆಂದರೆ ತಮ್ಮ ಕಡತದಲ್ಲಿ ಅದಿಲ್ಲ. ಗಾಳಿ ಬೀಸದ ಬಿಸಿಲಿನ ದಿನ. ಟ್ಯಾಂಕರ್ ಹತ್ತಕ್ಕೆ ಬಂತು. ಇವರು ಮೇಲೆ ಹತ್ತಿ ಮುಚ್ಚಳ ತೆಗೆದು ಬಗ್ಗಿದ್ದರು. ಎಂದಿಗಿಂತ ಹೆಚ್ಚು ಹೊತ್ತು ಬಗ್ಗಿದ್ದರು ಎಂದು ಈಗ ನೆನಪಾಗುತ್ತದೆ. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸೊಂದು ಕಿವಿ ಕಿತ್ತುಹೋಗುವ ಹಾಗೆ ಹಾರ್ನ್ ಹೊಡೆಯಿತು. ಇವರು ಬೆಚ್ಚಿಬಿದ್ದರು. ಬೆಚ್ಚುವುದು ದೊಡ್ಡ ವಿಷಯವೇನಲ್ಲ, ನಾವೆಲ್ಲರೂ ಬೆಚ್ಚಿದೆವು. ನಾವು ಬೈದುಕೊಂಡು ಸುಮ್ಮನಾದೆವು. ಇವರು ಸುಮ್ಮನಾಗಲಿಲ್ಲ. ಎಡಗೈಯನ್ನು ಎದೆಗೊತ್ತಿಕೊಂಡು, ಬಲಗೈಯಲ್ಲಿ ಏಣಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕೊನೆಯ ಮೆಟ್ಟಿಲಿನಲ್ಲಿ ಕಾಲು ನೆಲ ಮುಟ್ಟುವ ಮೊದಲೇ ಕೈ ಬಿಟ್ಟರು.

ನಾನು ಓಡಿದೆ. ಮುಖ ಬೂದಿ ಬಣ್ಣ. ಬೆವರು. ಮಣಿಕಟ್ಟು ಹಿಡಿದರೆ ನಾಡಿ ಸಿಗಲೊಲ್ಲದು. ಸಿಕ್ಕಾಗ ಅದು ಬಡಿಯುತ್ತಿರಲಿಲ್ಲ, ಚೀಲದೊಳಗೆ ಹಾಕಿದ ಹಕ್ಕಿಯ ಹಾಗೆ ಎಲ್ಲೆಂದರಲ್ಲಿ ಒದ್ದಾಡುತ್ತಿತ್ತು. 'ಮುಚ್ಚಳ... ಮುಚ್ಚಳ ಹಾಕಿಲ್ಲ' ಎಂದರು. ಹದಿನಾರು ವರ್ಷದ ನಿಯತ್ತು ನೋಡಿ. ಜೀವ ಹೋಗುವ ಹೊತ್ತಿನಲ್ಲೂ ತೆರೆದಿಟ್ಟ ಮುಚ್ಚಳದ ಚಿಂತೆ.

ಜೀವ ಹೋಗಲಿಲ್ಲ. ಆಸ್ಪತ್ರೆ ಹತ್ತಿರವಿತ್ತು. ಅಲ್ಲಿ ತಂತಿಗಳನ್ನು ಹಚ್ಚಿದರು, ಕಾಗದದ ಮೇಲೆ ಗೆರೆಗಳು ಹಲ್ಲುದುರಿದ ಬಾಚಣಿಗೆಯ ಹಾಗೆ ಬಂದವು, ಸೂಜಿ ಹಾಕಿದರು, ಸಂಜೆಯ ಹೊತ್ತಿಗೆ ಗೆರೆಗಳು ಸಾಲಿಗೆ ಬಂದವು. ಮರುದಿನ ಬಂದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೆ ಕುರ್ಚಿ ಎಳೆದುಕೊಂಡು ಕೂತು ಮಾತಾಡಿಸುವವರು. ಸಕ್ಕರೆ ಕಾಯಿಲೆ ಇದೆಯಾ ಎಂದರು. ಇಲ್ಲ. ಬಿಪಿ? ಈಗೆರಡು ವರ್ಷದಿಂದ ಸ್ವಲ್ಪ ಹೆಚ್ಚು. ಬೀಡಿ, ಸಿಗರೇಟು?

'ಪೆಟ್ರೋಲ್ ಬಂಕಲ್ಲಿ ಬೀಡಿ ಸೇದಿದ್ರೆ ಸಾಯೋಕೆ ಹೃದಯದವರ್ಗೂ ಕಾಯ್ಬೇಕಾ ಡಾಕ್ಟ್ರೇ?' ಎಂದು ಹಾಸಿಗೆಯಲ್ಲಿದ್ದವರು ಹೇಳಿದರು.

ಡಾಕ್ಟರಮ್ಮ ನಗಲಿಲ್ಲ. 'ಬಂಕಲ್ಲಿ ಏನು ಕೆಲಸ?' ಎಂದು ಕೇಳಿದರು. ಹದಿನಾರು ವರ್ಷದಲ್ಲಿ ತಲೆನೋವಿಗೆ, ಸುಸ್ತಿಗೆ, ಎದೆ ಡವಡವಕ್ಕೆ ಎಷ್ಟೋ ವೈದ್ಯರ ಹತ್ತಿರ ಹೋಗಿದ್ದೇವೆ. ಈ ಪ್ರಶ್ನೆ ಕೇಳಿದವರು ಅವರೇ ಮೊದಲು. ಇವರು ಎಲ್ಲ ಹೇಳಿದರು, ಬಗ್ಗುವುದು, ಓದುವುದು, ಮೂಸುವುದು. ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡರು.

'ನೋಡಿ, ಇದೇ ಕಾರಣ ಅಂತ ಖಡಾಖಂಡಿತ ಹೇಳೋಕೆ ನಂಗಾಗಲ್ಲ. ವಯಸ್ಸಿದೆ, ಬಿಪಿ ಇದೆ. ಆದ್ರೆ ಇಂಥ ಆವಿ ಜಾಸ್ತಿ ಒಳಗೆ ಹೋದಾಗ ಹೃದಯ ಮುಂಗೋಪಿ ಆಗಬಹುದು. ಆ ಹೊತ್ತಲ್ಲಿ ಏನಾದ್ರೂ ಗಾಬರಿ ಆಯ್ತು, ಓಡಿದ್ರಿ, ಭಾರ ಎತ್ತಿದ್ರಿ ಅಂದ್ರೆ ಅದರ ತಾಳ ತಪ್ಪಬಹುದು. ಅಲ್ಲಿ ಗಾಳಿಯಲ್ಲಿ ಎಷ್ಟಿದೆ ಅಂತ ಯಾರಾದ್ರೂ ಅಳೆದಿದಾರಾ? ಜಾಸ್ತಿ ಇದ್ರೆ ಹೇಳಿ, ಟ್ಯಾಂಕಿನ ಹತ್ರ ಹೋಗಲೇಬಾರ್ದು ಅಂತ ಬರೆದುಕೊಡ್ತೀನಿ.'

'ಅಳೆದಿದಾರೆ ಡಾಕ್ಟ್ರೇ. ಸರ್ಟಿಫಿಕೇಟೇ ಇದೆ. ಇವಳೇ ಗೋಡೆಗೆ ಹಾಕ್ಸಿದ್ದು' ಎಂದರು ಇವರು. ನನ್ನ ಮೊಬೈಲಿನಲ್ಲಿ ಅದರ ಚಿತ್ರವಿತ್ತು. ಕೊಟ್ಟೆ. ಡಾಕ್ಟರಮ್ಮ ಓದಿದರು. 'ಓ, ಹಾಗಾದ್ರೆ ಗಾಳಿ ಕಾರಣ ಇರಲಿಕ್ಕಿಲ್ಲ. ಬಿಲ್ಲೆಯಿಂದ ಅಳೆದಿದಾರೆ ಅಂತ ಇದ್ರಲ್ಲೇ ಬರೆದಿದೆ. ಸುತ್ತಲಿನ ಆವಿನ ಬಿಲ್ಲೆ ಹೀರ್ಕೊಳ್ಳತ್ತೆ, ಅದ್ರಲ್ಲಿ ಎಲ್ಲ ಗೊತ್ತಾಗತ್ತೆ' ಎಂದರು. ಆರು ವಾರ ವಿಶ್ರಾಂತಿ, ಮಾತ್ರೆ, ಆಮೇಲೆ ಎಂದಿನ ಕೆಲಸಕ್ಕೆ ಹೋಗಬಹುದು ಎಂದು ಬರೆದರು.

ಬಿಲ್ಲೆ ಏನು ಮಾಡುತ್ತದೆ ಎಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ, ಮಾನ್ಯರೇ. ಗಂಡನ ಹಾಸಿಗೆಯ ಪಕ್ಕದಲ್ಲಿ ನಿಂತು. ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಗಾಬರಿಯಾದರೆ ತಾಳ ತಪ್ಪುತ್ತದೆ ಎಂದು ಡಾಕ್ಟರಮ್ಮ ಆಗತಾನೇ ಹೇಳಿದ್ದರು, ಆ ತಂತಿಗಳು ಇನ್ನೂ ನಮ್ಮ ಮನೆಯವರ ಎದೆಯ ಮೇಲಿದ್ದವು. 'ನಿಮ್ಮ ಬಿಲ್ಲೆಯನ್ನು ನಾನು ಊಟದ ಡಬ್ಬಿಯಲ್ಲಿಟ್ಟಿದ್ದೆ' ಎಂದು ಆ ಹಾಸಿಗೆಯ ಪಕ್ಕ ಯಾವ ಬಾಯಿಂದ ಹೇಳಲಿ? ಇದು ಒಂದು ಕಾರಣ. ಇನ್ನೊಂದು ಕಾರಣ ನಾಚಿಕೆ. ಎರಡನೆಯದೇ ದೊಡ್ಡದಿತ್ತೇನೋ, ಈಗ ಯೋಚಿಸಿದರೆ.

ಮನೆಗೆ ಬಂದ ಮೇಲೆ ನಮ್ಮ ಮನೆಯನ್ನು ತಾವು ನೋಡಬೇಕಿತ್ತು. ಡಾಕ್ಟರಮ್ಮ ಹೇಳಿದ್ದು ಆವಿ ಕುಡಿದ ಹೊತ್ತಿನ ಗಾಬರಿಯ ವಿಷಯ, ಮನೆಯಲ್ಲಿ ಆವಿ ಇಲ್ಲ, ಅಷ್ಟು ನನಗೂ ಗೊತ್ತು. ಆದರೆ ಗೊತ್ತಿರುವುದು ತಲೆಗೆ; ಹೆದರುವುದು ಹೊಟ್ಟೆ. ಕರೆಗಂಟೆಯ ತಂತಿ ಕಿತ್ತೆ. ಕುಕ್ಕರನ್ನು ಅಟ್ಟಕ್ಕೇರಿಸಿದೆ, ಸೀಟಿ ಹಾಕುತ್ತದಲ್ಲ. ಫೋನುಗಳೆಲ್ಲ ಮೂಕವಾದವು. ನಮ್ಮ ಅತ್ತೆಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಜಗತ್ತಿಗೇ ಕಿವಿ ಮಂದ ಎಂಬಂತೆ ಮಾತಾಡುವವರು. ಅವರಿಗೂ ಪಿಸುಮಾತು ಕಲಿಸಿದೆ. 'ಇದೇನೇ ಇದು, ಕಳ್ಳರ ಮನೆ ಆಯ್ತಲ್ಲ' ಎಂದು ಅವರು ಪಿಸುಗುಟ್ಟಿದ್ದು ಮೂರನೇ ಮನೆಗೆ ಕೇಳಿಸಿತು. ಒಂದು ದಿನ ಅವರ ಕೈಯಿಂದ ತಟ್ಟೆ ಜಾರಿ ನೆಲಕ್ಕೆ ಬಿತ್ತು. ತಟ್ಟೆ ಸುತ್ತಿ ಸುತ್ತಿ ನಿಲ್ಲುವ ತನಕ ನಾವು ಮೂವರೂ ಉಸಿರು ಬಿಗಿಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಇವರಿಗೇನೂ ಆಗಲಿಲ್ಲ. ಅತ್ತೆ ಮಾತ್ರ ಗೋಡೆಗೊರಗಿ ಕೂತು ಅತ್ತುಬಿಟ್ಟರು. ತಮ್ಮ 'ಭಯಪಡಬೇಕಾಗಿಲ್ಲ' ಎಂಬ ಉತ್ತರ ನಮಗೆ ಬಂದು ತಲುಪಿದ್ದು ಅದೇ ವಾರ. ಮೂಗಿಗೆ ತುಪ್ಪ ಸವರುವುದನ್ನು ಕಂಡಿದ್ದೇನೆ, ಆದರೆ ತುಪ್ಪವೂ ಇಲ್ಲದೆ ಬರೀ ಬೆರಳು ಸವರಿದ್ದನ್ನು ಕಂಡದ್ದು ಇದೇ ಮೊದಲು.

ಅದಕ್ಕೂ ಮೊದಲು, ಎರಡನೆಯ ವಾರದಲ್ಲಿ, ಒಬ್ಬಳೇ ಡಾಕ್ಟರಮ್ಮನ ಹತ್ತಿರ ಹೋಗಿ ಡಬ್ಬಿಯ ಕತೆ ಹೇಳಿದೆ. ಅವರು ಬೈಯಲಿಲ್ಲ. 'ನಿಮ್ಮ ಮಾತು ನಾನು ನಂಬ್ತೀನಿ. ಆದ್ರೆ ಟ್ಯಾಂಕಿನ ಹತ್ರ ಕಳಿಸ್ಬೇಡಿ ಅಂತ ನಾನು ಬರೆದ್ರೆ ನಿಮ್ಮ ಮಾಲೀಕರು ಆ ಸರ್ಟಿಫಿಕೇಟ್ ತೋರಿಸ್ತಾರೆ. ಮತ್ತೆ ಅಳೆಸಿ, ಕಾಗದ ತನ್ನಿ' ಎಂದರು. ಮಾಲೀಕರ ಹತ್ತಿರ ಹೋದೆ. ಅವರು ಕೆಟ್ಟವರೇನಲ್ಲ, ಆಸ್ಪತ್ರೆಗೆ ಕಾರು ಓಡಿಸಿಕೊಂಡು ಬಂದವರೇ ಅವರು. 'ಅಲ್ಲಮ್ಮ, ಗಾಳಿ ಚೆನ್ನಾಗಿದೆ ಅಂತ ಆಫೀಸಿನವರೇ ಬರ್ಕೊಟ್ಟಿದಾರೆ. ಇಲ್ಲ ಅಂತ ಅವ್ರೇ ಬರ್ಕೊಡ್ಲಿ, ನಾಳೇನೇ ಬೇರೆ ವ್ಯವಸ್ಥೆ ಮಾಡ್ತೀನಿ. ಕೆಳಗೆ ನಿಂತ್ಕೊಂಡೇ ಅಳೆಯೋ ಯಂತ್ರ ಬಂದಿದೆಯಂತೆ' ಎಂದರು. ತಮಗೆ ಬರೆದೆ. ತಾವು 'ಮಾಪನ ವರದಿಯು ತೃಪ್ತಿಕರವಾಗಿರುತ್ತದೆ' ಎಂದಿರಿ. ಹೀಗೆ ಡಾಕ್ಟರಮ್ಮ ಕಾಗದ ನೋಡುತ್ತಾರೆ, ಮಾಲೀಕರು ಕಾಗದ ನೋಡುತ್ತಾರೆ, ತಾವೂ ಕಾಗದ ನೋಡುತ್ತೀರಿ. ಆ ಕಾಗದ ನೋಡಿದ್ದು ನನ್ನ ಡಬ್ಬಿಯನ್ನು. ಟ್ಯಾಂಕಿನ ಬಾಯಿಯನ್ನು ಇದುವರೆಗೆ ಯಾರೂ ನೋಡಿಲ್ಲ, ನನ್ನ ಗಂಡನ ಹೊರತು.

ಈ ಪತ್ರ ಪತ್ರಿಕೆಗೆ ಕೊಡುವ ಮುನ್ನ ಅವರಿಗೆ ಹೇಳಲೇಬೇಕಿತ್ತು. ನಾಲ್ಕು ಜನರ ಬಾಯಿಂದ ಕೇಳಿ ಬೆಚ್ಚುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ. ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಪಕ್ಕದಲ್ಲಿ ಕೂತು ಅವರ ಮಣಿಕಟ್ಟು ಹಿಡಿದುಕೊಂಡೆ. ಗಡಿಯಾರ ನೋಡುತ್ತಾ ನಾಡಿ ಎಣಿಸುತ್ತಾ ಹೇಳಿದೆ. ಬಡಿತ ಜೋರಾದರೆ ಮಾತು ನಿಲ್ಲಿಸುವುದು, ಇಳಿದರೆ ಮುಂದುವರಿಸುವುದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಬಿಲ್ಲೆ, ಜಾಲರಿ, ಡಬ್ಬಿ, ಸಹಿ. ಎಲ್ಲ ಹೇಳಿ ಮುಗಿಸುವ ತನಕ ಅವರ ನಾಡಿ ಎಪ್ಪತ್ತಾರನ್ನು ದಾಟಲಿಲ್ಲ. ನನ್ನದು ಎಷ್ಟಿತ್ತೋ ಗೊತ್ತಿಲ್ಲ.

'ಡಬ್ಬೀಲಿ ಇಟ್ಯಾ?' ಎಂದರು. 'ಊಟದ ಡಬ್ಬೀಲಿ? ಕಳಚಿಸ್ಕೊಂಡು ಮೇಜಿನ ಮೇಲೆ ಇಟ್ಟಿದೀಯ ಅಂದ್ಕೊಂಡಿದ್ದೆ.' ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕರೆ ಏನಾದರೂ ಆದೀತೇನೋ ಎಂದು ನಾನು ಇನ್ನಷ್ಟು ಹೆದರಿದೆ. ಆಮೇಲೆ ನಗು ನಿಂತಿತು.

'ನಂದೂ ಒಂದು ಹೇಳ್ಬಿಡ್ತೀನಿ. ಬೈಬೇಡ. ನನ್ ಮೂಗು ಸತ್ತು ಮೂರು ವರ್ಷ ಆಯ್ತು ಕಣೇ.'

ನನಗೆ ಅರ್ಥವಾಗಲಿಲ್ಲ. 'ಅಂದ್ರೆ?'

'ವಾಸನೆ ಗೊತ್ತಾಗಲ್ಲ. ಪೆಟ್ರೋಲೂ ಗೊತ್ತಾಗಲ್ಲ, ನಿನ್ ಒಗ್ಗರಣೆನೂ ಗೊತ್ತಾಗಲ್ಲ. ಮೊದ್ಲು ಗಾಜಿನ ಕಡ್ಡಿ ಕದ್ದು ನೋಡ್ತೀನಿ, ಆಮೇಲೆ ಮೂಸಿದಂಗೆ ಮಾಡ್ತೀನಿ. ಎಲ್ರೂ ಮೂಗಣ್ಣ ಮೂಗಣ್ಣ ಅಂತಾರೆ, ಯಾರಿಗಂತ ಹೇಳ್ಲಿ? ಅದಕ್ಕೇ ಈಚೆಗೆ ಜಾಸ್ತಿ ಹೊತ್ತು ಬಗ್ಗಿರ್ತೀನಿ. ಎಲ್ಲಾದ್ರೂ ಒಂದ್ ಚೂರು ವಾಸನೆ ಬರತ್ತೇನೋ ಅಂತ.'

ಆಗ ನೆನಪಾಯಿತು. ಕಳೆದ ವರ್ಷ ಒಲೆಯ ಮೇಲೆ ಹಾಲು ಸೀದು ತಳ ಹತ್ತಿ ಮನೆಯೆಲ್ಲ ನಾರುತ್ತಿತ್ತು, ಇವರು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಅವತ್ತು ನಾನು ಬಾಯಿಗೆ ಬಂದಂತೆ ಬೈದಿದ್ದೆ. ನಮ್ಮ ಬಂಕಿನಲ್ಲಿ ಒಂದು ಮಾತಿದೆ, ಹೊಸಬರಿಗೆ ಹೇಳುವುದು: 'ವಾಸನೆ ಬರೋದು ನಿಂತ ದಿನ ನೀನು ಪಕ್ಕಾ ಆದೆ.' ಹದಿನಾಲ್ಕು ವರ್ಷದಿಂದ ನಾನೂ ಅದನ್ನು ಹೇಳಿಕೊಂಡು ಬಂದಿದ್ದೇನೆ, ಒಗ್ಗಿಕೊಂಡರು ಎಂಬ ಅರ್ಥದಲ್ಲಿ. ಬಿಲ್ಲೆ ಡಬ್ಬಿಯಲ್ಲಿತ್ತು, ಎಚ್ಚರಿಸಲು ಉಳಿದಿದ್ದದ್ದು ಅವರ ಮೂಗೊಂದೇ. ಅದೂ ಇಲ್ಲವೆಂದಾದರೆ ಸೋಮವಾರ ಆ ಬಾಯಿಗೆ ಬಗ್ಗುವ ಮನುಷ್ಯನಿಗೆ ಇಷ್ಟು ಸಾಕು, ತಲೆ ಎತ್ತು ಎಂದು ಹೇಳುವವರು ಯಾರು? ನಿಮ್ಮ ಮೊಹರು ಹೇಳುತ್ತದೆಯೇ?

ಹೋಗಬೇಡಿ ಎಂದು ಅವರ ಕೈ ಹಿಡಿದೆ. ಆರು ವಾರವೂ ಪೂರ್ತಿ ಆಗುವುದು ಭಾನುವಾರಕ್ಕೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. 'ನಾನು ಹೋಗ್ದಿದ್ರೆ ಇನ್ನೊಬ್ಬನ್ನ ಹತ್ತಿಸ್ತಾರೆ. ಅವನಿಗೂ ಹೆಂಡ್ತಿ ಇದಾಳೆ, ಅವಳಿಗೂ ನಾಡಿ ಹಿಡಿಯೋಕೆ ಬರ್ಬೇಕಲ್ಲ. ನೀನು ಒಂದ್ ಕೆಲಸ ಮಾಡು. ಅವ್ರನ್ನ ಕರ್ಸು. ಈ ಸಲ ಬಿಲ್ಲೆ ನನ್ ಕಾಲರಿಗೆ ಗಟ್ಟಿ ಪಿನ್ ಹಾಕು. ಬಿದ್ರೆ ಟ್ಯಾಂಕಿಗೆ ಬೀಳ್ಲಿ, ಅಲ್ಲಾದ್ರೂ ಅದಕ್ಕೆ ಏನಾದ್ರೂ ಪತ್ತೆ ಆಗತ್ತೆ.'

ಆದ್ದರಿಂದ ಕರೆಯುತ್ತಿದ್ದೇನೆ. ನನ್ನದು ದೊಡ್ಡ ಬೇಡಿಕೆಯಲ್ಲ. ಆ ಪ್ರಮಾಣಪತ್ರವನ್ನು ರದ್ದು ಮಾಡಿ. ಸೋಮವಾರ ಹತ್ತು ಗಂಟೆಗೆ ಎಂಟು ಹೊಸ ಬಿಲ್ಲೆಗಳೊಂದಿಗೆ ಬನ್ನಿ. ನೌಕರರನ್ನು ಕಳುಹಿಸಬೇಡಿ, ತಾವೇ ಬನ್ನಿ. ತಣ್ಣನೆಯ ಕೋಣೆಯಲ್ಲಿ ಕೂರಬೇಡಿ, ಟ್ಯಾಂಕರ್ ಇಳಿಸುವಷ್ಟು ಹೊತ್ತು ಅಂಗಳದಲ್ಲಿ ನಿಲ್ಲಿ. ಬಿಲ್ಲೆ ಎಂದರೇನು, ಅದನ್ನು ಎಲ್ಲಿ ಹಾಕಿಕೊಳ್ಳಬೇಕು, ಯಾಕೆ ಹಾಕಿಕೊಳ್ಳಬೇಕು ಎಂದು ನಮ್ಮ ಭಾಷೆಯಲ್ಲಿ ನಮಗೆ ಹೇಳಿ. ಬಂದ ಅಂಕಿಯನ್ನು, ಅದು ಎಷ್ಟೇ ಇರಲಿ, ಡಾಕ್ಟರಮ್ಮನಿಗೆ ಬರೆದುಕೊಡಿ. ಕಡಿಮೆ ಇದೆಯೆಂದು ಬಂದರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ. ಇದೇ ಪತ್ರಿಕೆಯಲ್ಲಿ ತಮ್ಮ ಕ್ಷಮೆ ಕೇಳುತ್ತೇನೆ. ನನ್ನ ಸುಳ್ಳು ಸಹಿಗೆ ಏನು ಶಿಕ್ಷೆಯಿದೆಯೋ ಕೊಡಿ. ಕೆಲಸ ಹೋಗಬಹುದೆಂದು ಗೊತ್ತಿದ್ದೇ ಬರೆದಿದ್ದೇನೆ.

ತಾವು ಬಾರದಿದ್ದರೆ? ಅದಕ್ಕೂ ಒಂದು ಯೋಚನೆ ಮಾಡಿಟ್ಟಿದ್ದೇನೆ. ಟ್ಯಾಂಕರ್ ಇಳಿಸುವ ಚೀಟಿಗೆ ನನ್ನ ಸಹಿ ಬೇಕು ಎಂದೆನಲ್ಲ. ಅದೇ ಚೀಟಿಯಲ್ಲಿ, ಟ್ಯಾಂಕರ್ ಬಂದದ್ದಕ್ಕೆ, ಮೊದಲು ಇನ್ನೊಂದು ಸಹಿಯಿದೆ; ಅದಿಲ್ಲದೆ ಮುಚ್ಚಳವನ್ನೇ ತೆಗೆಯುವಂತಿಲ್ಲ. ಒಂದು ಸಲ ಏನೆಂದು ಓದದೆ ಸಹಿ ಹಾಕಿ ಇಷ್ಟಾಯಿತು. ಸೋಮವಾರ ನನ್ನ ಗಂಡ ಏಣಿಯ ಬುಡದಲ್ಲಿ ನಿಂತಿರುತ್ತಾರೆ, ಟ್ಯಾಂಕರ್ ನಿಂತಿರುತ್ತದೆ, ಹಿಂದೆ ಗಾಡಿಗಳ ಸಾಲು ನಿಂತಿರುತ್ತದೆ, ಹಾರ್ನ್ ಹೊಡೆಯುತ್ತಾರೆ, ಮಾಲೀಕರು ಕೂಗುತ್ತಾರೆ. ನಾನು ಪೆನ್ನು ಮುಟ್ಟುವುದಿಲ್ಲ. ನನ್ನ ಎದೆಯೂ ಈಚೆಗೆ ಆಗಾಗ ಒಂದು ಬಡಿತ ತಪ್ಪುತ್ತದೆ, ಹೆದರಿಕೆಗೋ ಹದಿನಾಲ್ಕು ವರ್ಷದ ಗಾಳಿಗೋ ಯಾರೂ ಅಳೆದಿಲ್ಲ. ಆದರೂ ಮುಟ್ಟುವುದಿಲ್ಲ.

ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿ, ಕಟ್ಟು ಬಿಚ್ಚಿ ಈ ಪತ್ರದ ಮೂಲಪ್ರತಿಯೊಂದಿಗೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಜೊತೆಗೆ ಆ ಡಬ್ಬಿಯನ್ನೂ ಇಟ್ಟಿದ್ದೇನೆ, ಮುಚ್ಚಳ ಬಿಗಿಯಾಗಿ ಹಾಕಿ. ಎರಡೂ ಒಂದೇ ಕಡತದಲ್ಲಿರಲಿ. ತಾವು ಪ್ರಮಾಣೀಕರಿಸಿದ ಗಾಳಿ ಅದರೊಳಗಿದೆ. ಅದು ನಿಜಕ್ಕೂ ಶುದ್ಧವಾಗಿದೆ, ಹೆದರದೆ ಉಸಿರಾಡಿ.

ಇಂತಿ,
ತಮ್ಮ ಬಿಲ್ಲೆಗಳನ್ನು ಜೋಪಾನ ಮಾಡಿ ಗಂಡನನ್ನು ಜೋಪಾನ ಮಾಡದೆ ಹೋದವಳು,
ಸೋಮವಾರದ ತನಕ ಪಾಳಿ ಮೇಲ್ವಿಚಾರಕಿ